ಮಿಂಚೋ ಅಂಗಳವೋ

ಒಂದು ಸೋಪು ಕೊಳ್ಳಬೇಕಾದರೂ ನಾಲ್ಕು ಅಂಗಡಿ ಹತ್ತಿ ಇಳಿಯುವ ಗಂಡಸಿಗೆ ತಕ್ಕಡಿ ಎಂದು ಅಡ್ಡಹೆಸರು ಬಿದ್ದರೆ ಅದರಲ್ಲಿ ಜನರ ತಪ್ಪೇನೂ ಇಲ್ಲ. ಬಸ್ ಡಿಪೋದ ಬಿಡಿಭಾಗಗಳ ಗೋದಾಮಿಗೆ ಅವನು ಮೇಲ್ವಿಚಾರಕ. ಅಲ್ಲಿ ಎರಡು ಕಂಪನಿಯ ಬೇರಿಂಗ್ ಬಂದರೆ ಎರಡನ್ನೂ ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ, ತೂಗಿ ನೋಡುತ್ತಿದ್ದ. ಮನೆಯಲ್ಲಿ ಎರಡು ಟೊಮೇಟೊ ಸಿಕ್ಕರೂ ಅದೇ ಕತೆ. ಮಾತು ಮೆತ್ತಗೆ, ನಡಿಗೆ ಮೆತ್ತಗೆ. ಅವನು ದನಿ ಏರಿಸಿದ್ದನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೇ ಅವನನ್ನು ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ ಮಾಡಿ ಕೂರಿಸಿದ್ದರು.

ಈಗ ಅವನ ತಕ್ಕಡಿಗೆ ಬಿದ್ದಿದ್ದು ಮೂರು ಸಿನಿಮಾ ಆ್ಯಪ್‌ಗಳು: ಮಿಂಚು, ಬೆಳ್ಳಿತೆರೆ, ಅಂಗಳ. ಮೂರನ್ನೂ ವರ್ಷವಿಡೀ ಇಟ್ಟುಕೊಂಡು ನೋಡಿದ್ದಾಗಿತ್ತು. ಮೂರೂ ಒಟ್ಟಿಗೇ ಚಂದಾ ಏರಿಸಿದ್ದವು. ಇನ್ನು ಮೇಲೆ ಮನೆಗೆ ಒಂದೇ ಸಾಕು, ಯಾವುದು ಎಂದು ಭಾನುವಾರ ತೀರ್ಮಾನ ಮಾಡೋಣ ಎಂದು ಅವನು ಊಟದ ಮೇಜಿನ ಮೇಲೆ ಘೋಷಿಸಿದ. ಅವನ ತಾಯಿ ತಲೆಯಾಡಿಸಿದರು. ಅವನ ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತುಬಿಟ್ಟಿತು.

ಅವಳನ್ನು ಪುಟ್ಟಿ ಎಂದು ಕರೆಯುವವನು ಲೋಕದಲ್ಲಿ ಒಬ್ಬನೇ ಉಳಿದಿದ್ದ, ಅವಳ ಅಣ್ಣ. ನಾವೂ ಹಾಗೇ ಕರೆಯೋಣ. ಅವಳಿಗೂ ಒಂದು ಅಕ್ಕರೆಯ ಹೆಸರು ಬೇಡವೇ.

ಬೇರೆಯವರ ಮನೆಯಲ್ಲಿ ಇಂಥ ಚರ್ಚೆ ತಮಾಷೆಯಾಗಿರುತ್ತದೆ. ಒಬ್ಬರಿಗೆ ಹೊಸ ಸಿನಿಮಾ ಬೇಕು, ಒಬ್ಬರಿಗೆ ಧಾರಾವಾಹಿ ಬೇಕು, ಜಗಳ ಆಡುತ್ತಾರೆ, ರಾಜಿಯಾಗುತ್ತಾರೆ. ಪುಟ್ಟಿಗೆ ಇದು ಸಿನಿಮಾದ ಮಾತಾಗಿರಲಿಲ್ಲ, ಮೈಮೂಳೆಯ ಮಾತಾಗಿತ್ತು. ಏಕೆಂದರೆ ತಕ್ಕಡಿ ಅವಳನ್ನು ಹೊಡೆಯುತ್ತಿದ್ದದ್ದು ಟೀವಿಯ ಸದ್ದಿನಲ್ಲಿ.

ಅದಕ್ಕೊಂದು ಕ್ರಮವಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತೋ, ಕಿಟಕಿಯಲ್ಲಿ ನಿಂತದ್ದು ಕಂಡಿತೋ, ಏನೋ ಒಂದು ನೆವ. ಅವನು ಬೈಯುವುದಿಲ್ಲ. ಅಂಗಿಯ ತೋಳನ್ನು ನೀಟಾಗಿ ಮಡಚಲು ಶುರುಮಾಡುತ್ತಾನೆ. ಅದು ಕಂಡದ್ದೇ ಅತ್ತೆ ರಿಮೋಟು ಕೈಗೆತ್ತಿಕೊಳ್ಳುತ್ತಾರೆ. ಯಾವ ಸಿನಿಮಾದಲ್ಲಿ ಹೊಡೆದಾಟ ಉದ್ದ, ಯಾವುದರಲ್ಲಿ ಕಿರುಚಾಟ ಜೋರು ಎಂಬುದು ಆ ಮುದುಕಿಗೆ ಅಂಗೈ ಗೆರೆಯಷ್ಟೇ ಗೊತ್ತು. ಸದ್ದು ಏರುತ್ತದೆ, ಗೋಡೆಯ ಗಡಿಯಾರ ನಡುಗುತ್ತದೆ, ಆಮೇಲೆ ಬೆಲ್ಟು ಹೊರಬರುತ್ತದೆ, ಇಲ್ಲವೇ ಅಡುಗೆಮನೆಯ ಮರದ ಸ್ಟೂಲು. ಅಕ್ಕಪಕ್ಕದವರು ಏನೆಂದುಕೊಳ್ಳುತ್ತಾರೆ? ಕಾರ್ಯದರ್ಶಿಗಳ ಮನೆಯವರಿಗೆ ಫೈಟಿಂಗ್ ಪಿಚ್ಚರ್ ಹುಚ್ಚು ಎಂದುಕೊಳ್ಳುತ್ತಾರೆ.

ಮೂರು ಆ್ಯಪ್‌ಗಳನ್ನೂ ತಕ್ಕಡಿ ಹೋಲಿಸುತ್ತಿದ್ದದ್ದು ಈ ಲೆಕ್ಕದಲ್ಲೇ. ಮಿಂಚು ಹೊಡೆದಾಟಕ್ಕೆ ಎತ್ತಿದ ಕೈ, ತೆರೆದರೆ ಸಾಕು ಲಾಂಗು, ಮಚ್ಚು, ಬೆಂಕಿ. ಬೆಳ್ಳಿತೆರೆಯಲ್ಲೂ ಹೊಡೆದಾಟಕ್ಕೆ ಕೊರತೆಯಿರಲಿಲ್ಲ, ಆದರೆ ನಡುನಡುವೆ ಜಾಹೀರಾತು. ಒಮ್ಮೆ ಬೆಲ್ಟು ಮೇಲೆತ್ತಿದ ಹೊತ್ತಿಗೆ ಸಿನಿಮಾ ನಿಂತು, ಹಸುಗೂಸಿನ ಪೌಡರಿನ ಜಾಹೀರಾತು ಬಂದುಬಿಟ್ಟಿತ್ತು. ಮಗು ಕಿಲಕಿಲ ನಗುತ್ತಿತ್ತು. ಅದು ಮುಗಿಯುವವರೆಗೂ ತಕ್ಕಡಿ ಬೆಲ್ಟು ಎತ್ತಿಕೊಂಡೇ ನಿಂತಿದ್ದ, ಪುಟ್ಟಿ ಕೆಳಗೆ ಮುದುಡಿಕೊಂಡು ಕಾಯುತ್ತಿದ್ದಳು. ಮಗುವಿನ ನಗು ಮುಗಿದು ಹೀರೋ ಗುಡುಗಿದ ಮೇಲೆಯೇ ಬೆಲ್ಟು ಇಳಿದದ್ದು. ಅವತ್ತು ಅವಳಿಗೆ ಒಂದು ಸತ್ಯ ಹೊಳೆಯಿತು. ಈ ಗಂಡಸಿಗೆ ದೇವರ ಭಯವಿಲ್ಲ, ಪೊಲೀಸರ ಭಯವಿಲ್ಲ, ಇರುವುದು ಅಕ್ಕಪಕ್ಕದವರ ಕಿವಿಯ ಭಯ ಮಾತ್ರ.

ಹಾಗಾಗಿ ಅವಳ ಆಸೆಯೆಲ್ಲ ಅಂಗಳದ ಮೇಲೆ. ಅಂಗಳದಲ್ಲಿ ಹೊಡೆದಾಟವೇ ಇಲ್ಲ. ಒಬ್ಬ ಮುದುಕ ಕುರ್ಚಿ ರಿಪೇರಿ ಮಾಡುತ್ತಾನೆ, ಒಬ್ಬಳು ಕುಂಡದಲ್ಲಿ ಗಿಡ ನೆಡುತ್ತಾಳೆ, ಕಡಲದಂಡೆಯಲ್ಲಿ ಆಮೆ ಮೊಟ್ಟೆಯಿಡುತ್ತದೆ. ಆಮೆ ಮೊಟ್ಟೆಯಿಡುವಾಗ ಮನೆಯೊಳಗಿಂದ ಹೆಂಗಸೊಬ್ಬಳು ‘ಅಯ್ಯೋ ಸತ್ತೆ’ ಎಂದು ಕೂಗಿದರೆ ಕೆಳಮನೆಯವರು ಸುಮ್ಮನಿರುತ್ತಾರೆಯೇ? ಅಂಗಳ ಒಂದೇ ಉಳಿದರೆ ಅವನು ಚಿವುಟಿಯಾನು, ಕೂದಲು ತಿರುಚಿಯಾನು. ಬೆಲ್ಟು ಸ್ಟೂಲು ಮಾತ್ರ ಹೊರಬರಲಾರವು. ಅಷ್ಟಾದರೆ ಬದುಕಬಹುದು ಎಂದು ಅವಳು ಲೆಕ್ಕ ಹಾಕಿದಳು. ಹೆಣ್ಣೊಬ್ಬಳು ಬರೀ ಚಿವುಟಿಸಿಕೊಳ್ಳುವ ಭಾಗ್ಯಕ್ಕಾಗಿ ಹಂಬಲಿಸುವ ಸ್ಥಿತಿಗೆ ಬಂದಿದ್ದಳು ಎಂದರೆ ನೀವೇ ಯೋಚಿಸಿ.

‘ನಮ್ಮಣ್ಣ ಸಿನಿಮಾದವನೇ ಅಲ್ವಾ. ಅವನನ್ನೇ ಒಂದ್ಮಾತು ಕೇಳಬಹುದಲ್ಲ’ ಎಂದು ಅವಳು ಪಾತ್ರೆ ಒರೆಸುತ್ತಾ, ಗಾಳಿಗೆ ಹೇಳಿದಂತೆ ಹೇಳಿದಳು. ತಕ್ಕಡಿ ಅವಳ ಕಡೆ ತಿರುಗಿದ. ಆಮೇಲೆ ನಕ್ಕ. ‘ಕರಿ. ಭಾವನ ಬಾಯಲ್ಲೂ ಕೇಳೋಣ.’

ಅಣ್ಣ ಸಿನಿಮಾದವನು ಹೌದು, ಆದರೆ ಪೋಸ್ಟರಿನ ಮೇಲೆ ಬರುವವನಲ್ಲ. ಹೀರೋ ಒದ್ದರೆ ಹಾರಿ ಬೀಳುವ ಸ್ಟಂಟಿನವನು. ಮೂಗು ಎರಡು ಕಡೆ ಸೊಟ್ಟ, ಹುಬ್ಬಿನ ಮೇಲೆ ಗಾಯದ ಗೆರೆ, ದನಿಯೋ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಮೆಟ್ಟಿಲಿನಿಂದ ಉರುಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಆ ಕಸುಬಿನವರು ಅವನಿಗೆ ಮೆಟ್ಟಿಲು ಎಂದೇ ಹೆಸರಿಟ್ಟಿದ್ದರು. ಅಪ್ಪ ಅಮ್ಮ ಹೋದ ಮೇಲೆ ಹೀಗೆ ಬಿದ್ದು ಬಿದ್ದೇ ತಂಗಿಯನ್ನು ಸಾಕಿದ್ದ, ಓದಿಸಿದ್ದ, ಮದುವೆ ಮಾಡಿದ್ದ. ಮುಖ ರೌಡಿಯದು, ಮನಸ್ಸು ಬೆಣ್ಣೆ. ಮನೆಯಲ್ಲಿ ಜಿರಳೆ ಕಂಡರೆ ಹೊಡೆಯಲಾರದೆ ಬಾಗಿಲು ತೆರೆದು ಹೊರಗೆ ಹೋಗಲು ಬೇಡಿಕೊಳ್ಳುವ ಜಾತಿ.

ಅವನಿಗೆ ಪುಟ್ಟಿ ಏನನ್ನೂ ಹೇಳಿರಲಿಲ್ಲ. ಹೇಳದಂತೆ ತಕ್ಕಡಿ ಮೊದಲೇ ಬೀಗ ಹಾಕಿದ್ದ. ‘ನಿಮ್ಮಣ್ಣಂಗೆ ಹೇಳು, ಪರವಾಗಿಲ್ಲ. ಅವನು ಬಂದು ನನ್ನ ಮೇಲೆ ಕೈ ಮಾಡ್ತಾನೆ. ನಾನು ಪೊಲೀಸ್ನೋರನ್ನ ಕರೀತೀನಿ. ನನ್ನ ಮುಖ ನೋಡ್ತಾರೆ, ಅವನ ಮುಖ ನೋಡ್ತಾರೆ. ಯಾರನ್ನ ಒಳಗೆ ಹಾಕ್ತಾರೆ, ನೀನೇ ಹೇಳು’ ಎಂದು ಅವಳ ಕೆನ್ನೆಗೆ ಐಸು ಒತ್ತುತ್ತಾ ಮೆತ್ತಗೆ ಕೇಳಿದ್ದ.

ಶನಿವಾರ ಬಟ್ಟೆ ಒಣಹಾಕಲು ತಾರಸಿಗೆ ಹೋದವಳು ಅಣ್ಣನಿಗೆ ಫೋನ್ ಮಾಡಿದಳು.

‘ನಾಳೆ ಬಾ. ಮೂರು ಆ್ಯಪಲ್ಲಿ ಯಾವುದು ಒಳ್ಳೇದು ಅಂತ ನಿನ್ನ ಕೇಳ್ತಾರೆ. ಅಂಗಳ ಅಂತ ಹೇಳು.’

‘ಅಂಗಳಾನಾ? ಥೂ, ಅದ್ರಲ್ಲಿ ನನ್ನ ಒಂದು ಪಿಚ್ಚರೂ ಇಲ್ಲ ಕಣೆ! ಬರೀ ಆಮೆ, ಮೊಲ. ಮಿಂಚು ಇಟ್ಕೊಳಿ. ನನ್ನ ಮೆಟ್ಟಿಲು ಸೀನು ಇರೋದೇ ಅದ್ರಲ್ಲಿ.’

‘ಅಣ್ಣಾ, ನನ್ನಾಣೆ. ಯಾಕೆ ಏನು ಅಂತ ಕೇಳಬೇಡ. ಅಂಗಳ ಅಂತ ಹೇಳು.’

‘ಅಳ್ತಿದೀಯೇನೆ?’

‘ಇಲ್ಲ, ಗಾಳಿ.’

‘ಆಯ್ತು ಮಹರಾಯ್ತಿ, ಅಂಗಳ. ಆಮೆ ದೇವ್ರಿಗೆ ಜೈ.’

ಭಾನುವಾರ ಮಧ್ಯಾಹ್ನ ಅಣ್ಣ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬಂದ. ತಕ್ಕಡಿ ಎದ್ದು ನಿಂತು ‘ಬನ್ನಿ ಭಾವ, ಬನ್ನಿ’ ಎಂದು ಕೈಹಿಡಿದು ಸೋಫಾದ ನಡುವೆ ಕೂರಿಸಿದ. ಅಣ್ಣ ಅವನನ್ನು ಯಜಮಾನ್ರೇ ಎಂದೇ ಕರೆಯುವುದು, ಅರ್ಧ ತಮಾಷೆ, ಅರ್ಧ ಮರ್ಯಾದೆ. ಅತ್ತೆ ತಮ್ಮ ಮಾಮೂಲಿ ಕುರ್ಚಿಯಲ್ಲಿ ರಿಮೋಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪುಟ್ಟಿ ತುಂಬುತೋಳಿನ ಅಂಗಿ ಹಾಕಿಕೊಂಡು ಟೀ ತಂದಳು. ಅಣ್ಣನ ಬಟ್ಟಲು ಕೊಡುವಾಗ ಅವನ ಕಣ್ಣನ್ನು ನೋಡಿದಳು. ಅವನು ಮೂರನೆಯವರಿಗೆ ಕಾಣುವ ಹಾಗೆ ಕಣ್ಣು ಮಿಟುಕಿಸಿದ. ನಟನೆ ಅವನಿಗೆ ಯಾವತ್ತೂ ಬಂದಿರಲಿಲ್ಲ, ಬರುತ್ತಿದ್ದದ್ದು ಬೀಳುವುದು ಮಾತ್ರ.

‘ಮೂರರಲ್ಲೂ ಸ್ವಲ್ಪ ಸ್ವಲ್ಪ ನೋಡೋಣ ಭಾವ. ಚಿತ್ರ, ಸದ್ದು, ಎಲ್ಲ ಹೋಲಿಸಿ ನೋಡೋಣ’ ಎಂದ ತಕ್ಕಡಿ.

ಮೊದಲು ಮಿಂಚು. ಅತ್ತೆ ಒಂದೇ ಏಟಿಗೆ ಅದೇ ಸಿನಿಮಾ, ಅದೇ ಜಾಗ ತೆಗೆದರು. ಹೀರೋ ಬಂಗಲೆಯ ಮೆಟ್ಟಿಲ ತುದಿಯಲ್ಲಿ ಅಣ್ಣನ ಎದೆಗೆ ಒದ್ದ. ಅಣ್ಣ ಉರುಳಿದ, ಉರುಳಿದ, ‘ಅಮ್ಮಾಆಆ’ ಎಂದು ಕೂಗಿದ, ಕೆಳಗಿನ ಹೂಜಿಗೆ ತಲೆ ಕೊಟ್ಟು ಸತ್ತ. ಸೋಫಾದ ಮೇಲಿನ ಅಣ್ಣ ಟೀ ಕುಡಿಯುವುದನ್ನೇ ಮರೆತು ತನ್ನ ಸಾವನ್ನು ತಾನು ನೋಡುತ್ತಾ ಕೂತ. ಆ ಕೂಗು ಕೇಳಿದರೆ ಸಾಕು ಪುಟ್ಟಿಯ ಬೆನ್ನು ತಾನಾಗಿ ಬಾಗುತ್ತಿತ್ತು.

ಆಮೇಲೆ ಬೆಳ್ಳಿತೆರೆ. ಪೌಡರಿನ ಮಗು ನಕ್ಕಿತು, ತಕ್ಕಡಿ ಮುಖ ಸಿಂಡರಿಸಿ ಅದನ್ನು ಅಲ್ಲಿಗೇ ಬಿಟ್ಟ. ಕೊನೆಗೆ ಅಂಗಳ. ಆಮೆ ಬಂತು. ಮರಳು ತೋಡಿತು. ನಿಂತಿತು. ಮತ್ತೆ ತೋಡಿತು.

‘ಹೇಳಿ ಭಾವ. ಯಾವುದು?’

ಅಣ್ಣ ಗಂಟಲು ಸರಿಮಾಡಿಕೊಂಡ. ‘ನನ್ನ ಕೇಳಿದ್ರೆ ಯಜಮಾನ್ರೇ... ಅಂಗಳ.’

‘ಅಂಗಳ?’

‘ಹ್ಞೂಂ. ಆಮೆ... ಆಮೆ ತುಂಬ ಚೆನ್ನಾಗಿ ಮಾಡಿದೆ.’

ಪುಟ್ಟಿಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಇನ್ನೇನು ಆಯಿತು, ಮಾತು ಮುಗಿಯಿತು, ದೇವರು ದೊಡ್ಡವನು ಎಂದುಕೊಂಡಳು. ತಕ್ಕಡಿ ಮಾತ್ರ ಬಿಸ್ಕತ್ತೊಂದನ್ನು ಬೆರಳಲ್ಲಿ ತಿರುಗಿಸುತ್ತಾ, ‘ನೀವೇ ಹೇಳಿದ ಮೇಲೆ ಮುಗೀತು. ಆದ್ರೆ ಅಮ್ಮಂಗೆ ಬೇಜಾರಾಗುತ್ತೆ ನೋಡಿ. ನಿಮ್ಮ ಮೆಟ್ಟಿಲು ಸೀನು ನಮ್ಮನೇಲಿ ಯಾವಾಗ್ಲೂ ಓಡ್ತಿರುತ್ತೆ. ಅದೇನು ಕೂಗು ಭಾವ! ಎದೆ ನಡುಗುತ್ತೆ. ನೀವೇ ಕೊಟ್ಟಿದ್ದಾ, ಇಲ್ಲ ಡಬ್ಬಿಂಗಲ್ಲಿ ಬೇರೆ ಯಾರಾದ್ರೂ ಕೊಟ್ಟಿದ್ದಾ?’ ಎಂದ.

‘ಬೇರೆಯವ್ರಾ!’ ಅಣ್ಣ ಉಬ್ಬಿಹೋದ. ಇಷ್ಟು ವರ್ಷದಲ್ಲಿ ಅವನ ಕೂಗನ್ನು ಹೊಗಳಿದವರು ಯಾರೂ ಇರಲಿಲ್ಲ. ‘ನಾನೇ ಯಜಮಾನ್ರೇ, ಒಂದೇ ಟೇಕು! ಮೈಕಿನವ್ನು ಕಿವಿ ಮುಚ್ಕೊಂಡು ಎದ್ದೋದ. ನೀವು ದಿನಾ ನೋಡ್ತೀರಾ ಅದನ್ನ?’

‘ಮತ್ತೆ? ಅಮ್ಮಂಗೆ ಅದಿಲ್ದೆ ಆಗೋದೇ ಇಲ್ಲ.’

ಅತ್ತೆ ಹಲ್ಲಿಲ್ಲದ ನಗೆ ನಕ್ಕರು.

‘ಅಯ್ಯೋ, ಹಂಗಾದ್ರೆ ಮಿಂಚೇ ಇಟ್ಕೊಳಿ! ನಾನೇನೋ...’ ಅಣ್ಣ ಪುಟ್ಟಿಯ ಕಡೆ ತಿರುಗಿ ತೊಡೆ ತಟ್ಟಿ ನಕ್ಕ. ‘ಇವ್ಳೇ ನೋಡಿ, ನಿನ್ನೆ ಫೋನ್ ಮಾಡಿ, ನನ್ನಾಣೆ, ಅಂಗಳ ಅಂತ ಹೇಳು ಅಂದ್ಳು. ಅಣ್ಣ ಏಟು ತಿನ್ನೋದು ನೋಡೋಕಾಗಲ್ವೇನೋ ಪಾಪ. ಲೇ ಪುಟ್ಟಿ, ಅದೆಲ್ಲ ಸುಳ್ಳು ಏಟು ಕಣೆ! ಒಂದೂ ಮೈಗೆ ತಾಗಲ್ಲ!’

ತಕ್ಕಡಿ ಪುಟ್ಟಿಯ ಕಡೆ ನೋಡಲೂ ಇಲ್ಲ. ಜೇಬಿನಿಂದ ಫೋನ್ ತೆಗೆದು, ಬೆರಳಾಡಿಸಿ, ಮಿಂಚಿಗೆ ಇಡೀ ವರ್ಷದ ಚಂದಾ ಅಲ್ಲೇ ಕಟ್ಟಿದ. ‘ಜಾಹೀರಾತು ಇಲ್ಲದ್ದು’ ಎಂದ. ಫೋನು ಟಿಂಗ್ ಎಂದಿತು. ಅಣ್ಣ ಚಪ್ಪಾಳೆ ತಟ್ಟಿದ.

ಅಣ್ಣನ ಮೇಲೆ ಅವಳಿಗೆ ಆ ಹೊತ್ತು ಬಂದಷ್ಟು ಸಿಟ್ಟು ಗಂಡನ ಮೇಲೂ ಬಂದಿರಲಿಲ್ಲ. ಹೊರಟವನನ್ನು ಬಾಗಿಲವರೆಗೆ ಕಳಿಸಲು ಹೋದಳು, ತೋಳು ಮೇಲೆತ್ತಿ ತೋರಿಸಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ತಕ್ಕಡಿಯ ಅಂಗೈ ಬಂದು ಅವಳ ಕತ್ತಿನ ಹಿಂದೆ ಕೂತಿತು, ನೋಡುವವರಿಗೆ ಪ್ರೀತಿಯೆಂದೇ ಕಾಣುವ ಹಾಗೆ. ‘ಹುಷಾರಾಗಿ ಹೋಗಿ ಭಾವ’ ಎಂದು ಅವನು ಬಾಗಿಲು ಹಾಕಿದ. ಚಿಲಕ ಹಾಕಿದ. ಅಂಗಿಯ ತೋಳು ಮಡಚತೊಡಗಿದ.

ಅತ್ತೆಯ ಬೆರಳು ರಿಮೋಟಿನ ಮೇಲೆ ಓಡಿತು.

‘ನನ್ನ ಬೆನ್ನ ಹಿಂದೆ ಫೋನಾ?’ ಎಂದು ಅವನು ಮೆತ್ತಗೆ ಕೇಳಿದ. ಉತ್ತರ ಬರುವ ಮೊದಲೇ ಬೆಲ್ಟಿನ ಹಿತ್ತಾಳೆ ತುದಿ ಅವಳ ಕಿವಿಯ ಮೇಲೆ ಬಿತ್ತು. ಕಿವಿ ಹರಿದು ಬಿಸಿಯಾಗಿ ಏನೋ ಕತ್ತಿಗೆ ಇಳಿಯಿತು. ಅವಳು ಗೋಡೆಗೆ ಒರಗಿದಳು, ಅವನು ಕೂದಲು ಹಿಡಿದು ನೆಲಕ್ಕೆಳೆದ. ಪಕ್ಕೆಗೆ ಒದ್ದ. ಮತ್ತೆ ಅದೇ ಪಕ್ಕೆಗೆ ಒದ್ದ, ಜಾಗ ನೋಡಿ, ತೂಕ ನೋಡಿ, ಅವಸರವಿಲ್ಲದೆ. ಅವಳ ಬಾಯಿಂದ ‘ಅಮ್ಮಾ’ ಎಂದು ಬಂತು. ಅದೇ ಗಳಿಗೆಗೆ ಟೀವಿಯಲ್ಲಿ ಅಣ್ಣನೂ ಅಮ್ಮಾ ಎಂದು ಕೂಗುತ್ತಾ ಮೆಟ್ಟಿಲುರುಳಿದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ದನಿ ಒಂದರೊಳಗೊಂದು ಮುಚ್ಚಿಹೋದವು. ಅತ್ತೆ ಸೀನನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು.

ಆಗ ಬಾಗಿಲು ದಡಬಡ ಎಂದಿತು.

ಅಣ್ಣ ಹೋಗಿರಲಿಲ್ಲ. ಮೆಟ್ಟಿಲಿಳಿಯುವಾಗ ಮೇಲಿಂದ ತನ್ನ ಕೂಗು ಕೇಳಿ, ಖುಷಿಗೆ ಕಂಬಿ ಹಿಡಿದು ನಿಂತಿದ್ದ. ತನ್ನ ದನಿಯನ್ನು ತಾನೇ ಕಿವಿಯರಳಿಸಿ ಕೇಳುತ್ತಿದ್ದ. ಹಾಗಾಗಿಯೇ ಅದರೊಳಗೆ ಇನ್ನೊಂದು ದನಿ ಸೇರಿಕೊಂಡಿರುವುದು ಅವನಿಗೆ ಗೊತ್ತಾಯಿತು. ಇಡೀ ಕಟ್ಟಡದಲ್ಲಿ ಅದು ಗೊತ್ತಾಗಬಹುದಾದ ಕಿವಿ ಅದೊಂದೇ.

‘ಪುಟ್ಟೀ! ಬಾಗಿಲು ತೆಗಿ!’

ತಕ್ಕಡಿ ಬೆಲ್ಟನ್ನು ಸೋಫಾದ ಹಿಂದೆ ಎಸೆದ. ಹೊರಗೆ ಗಲಾಟೆಯಾಗುವುದು ಅವನಿಗೆ ಬೇಕಿರಲಿಲ್ಲ. ಪುಟ್ಟಿಗೆ ಒಳಗೆ ಹೋಗೆಂದು ಬೆರಳು ತೋರಿಸಿ, ಕೂದಲು ಸವರಿಕೊಂಡು, ನಗುಮುಖ ಹಾಕಿಕೊಂಡು, ತಾನೇ ಚಿಲಕ ತೆಗೆದ. ‘ಏನು ಮರೆತ್ರಿ ಭಾವ?’

ಪುಟ್ಟಿ ಒಳಗೆ ಹೋಗಲಿಲ್ಲ. ಏಳಲು ಆಗಲಿಲ್ಲ ಎನ್ನುವುದು ಅರ್ಧ ನಿಜ, ಏಳಬಾರದು ಎಂದುಕೊಂಡದ್ದು ಇನ್ನರ್ಧ. ಅಣ್ಣ ತಕ್ಕಡಿಯ ಹೆಗಲ ಮೇಲಿಂದ ಅವಳನ್ನು ನೋಡಿದ. ಅವಳ ಕಿವಿ ನೋಡಿದ, ನೆಲದ ಮೇಲಿನ ರಕ್ತ ನೋಡಿದ, ಟೀವಿಯಲ್ಲಿ ಉರುಳುತ್ತಿದ್ದ ತನ್ನನ್ನು ನೋಡಿದ. ಆ ಸೊಟ್ಟ ಮೂಗಿನ ಮುಖದಲ್ಲಿ ಎಲ್ಲವೂ ಒಂದೊಂದಾಗಿ ಅರ್ಥವಾಗುತ್ತಾ ಹೋದದ್ದನ್ನು ಅವಳು ಕಂಡಳು. ಅಷ್ಟು ನೋವಿನಲ್ಲೂ ಅವಳಿಗೆ ಅವನ ಮೇಲೆ ಮರುಕ ಬಂತು.

ಅವನು ಗೂಳಿಯಂತೆ ನುಗ್ಗಿ, ಮುಷ್ಟಿ ಕಟ್ಟಿ, ಮೈಯ ಶಕ್ತಿಯನ್ನೆಲ್ಲ ಸೇರಿಸಿ ತಕ್ಕಡಿಯ ಮುಖಕ್ಕೆ ಬೀಸಿದ. ತಕ್ಕಡಿ ಕಣ್ಣು ಮುಚ್ಚಿದ.

ಮುಷ್ಟಿ ಮೂಗಿನ ಮುಂದೆ ಗಾಳಿಯಲ್ಲಿ ಹಾದುಹೋಯಿತು.

ಅಣ್ಣ ಮತ್ತೆ ಬೀಸಿದ. ಮತ್ತೆ ತಾಗಲಿಲ್ಲ. ಜೀವಮಾನವಿಡೀ ತಾಗದ ಹಾಗೆ ಹೊಡೆಯುವುದನ್ನೇ ಕಲಿತ ಕೈ ಅದು. ಎದುರಿನ ಮುಖ ಕಂಡದ್ದೇ ಗೇಣು ದೂರದಲ್ಲಿ ತಾನಾಗಿ ತಿರುಗಿಬಿಡುತ್ತಿತ್ತು. ಹೀರೋಗಳ ಮೂಗು ಕಾಪಾಡಿ ಕಾಪಾಡಿ ಅದಕ್ಕೆ ಬೇರೆ ದಾರಿಯೇ ಮರೆತುಹೋಗಿತ್ತು. ಅವನು ತನ್ನ ಕೈಯನ್ನೇ ಪರರ ಕೈಯಂತೆ ನೋಡಿಕೊಂಡ.

ತಕ್ಕಡಿ ಕಣ್ಣು ತೆರೆದ. ಮುಖ ಮುಟ್ಟಿ ನೋಡಿಕೊಂಡ. ‘ಅಯ್ಯೋ ಭಾವ, ನಿಮಗೆ ಹೊಡೆಯೋಕೇ ಬರಲ್ವಾ!’ ಎಂದವನೇ ಬಾಗಿಲನ್ನು ಕಾಲಿಂದ ದೂಡಿ ಮುಚ್ಚಿ, ಅಡುಗೆಮನೆಯ ಸ್ಟೂಲನ್ನು ಕೈಗೆತ್ತಿಕೊಂಡ.

ಮೊದಲ ಏಟಿಗೆ ಅಣ್ಣ ಬಲು ಚೆನ್ನಾಗಿ ಬಿದ್ದ. ಗಲ್ಲ ಎದೆಗೆ, ಮೊಣಕೈ ಒಳಗೆ, ಬೆನ್ನು ದುಂಡಗೆ. ಬೀಳುವವನಿಗೆ ಎಷ್ಟೇ ಚೆನ್ನಾಗಿ ಬೀಳಲು ಬಂದರೂ ಸ್ಟೂಲಿಗೆ ನಿಲ್ಲಲು ಬರಬೇಕಲ್ಲ. ಎರಡನೆಯದು ಹೆಗಲಿನ ಮೇಲೆ ಬಿತ್ತು. ಕತ್ತಿನ ಕೆಳಗಿನ ಮೂಳೆ ಮುರಿಯಿತು. ಮೂಳೆ ಮುರಿಯುವ ಸದ್ದು ಸಿನಿಮಾದಲ್ಲಿ ಕೇಳುವಷ್ಟು ದೊಡ್ಡದಾಗಿರುವುದಿಲ್ಲ, ಒಣ ಬ್ರೆಡ್ಡು ಮುರಿದಷ್ಟೇ. ಮೂರನೆಯದು ಬಾಯಿಗೆ ಬಿತ್ತು. ಹಲ್ಲೊಂದು ಪುಟ್ಟಿಯ ಮುಂದೆ ಬಂದು ಬಿತ್ತು. ಅಣ್ಣ ಏಳಲು ನೋಡಿದ. ಆಗದೆ ತಂಗಿಗೂ ಸ್ಟೂಲಿಗೂ ನಡುವೆ ತೆವಳಿ ಬಂದು ಕೂತ. ಅವನ ಬಾಯಿಂದ ಒಂದು ಸಣ್ಣ ದನಿಯೂ ಹೊರಡಲಿಲ್ಲ. ನಿಜವಾದ ಏಟು ಅವನ ಉಸಿರನ್ನೇ ಕಿತ್ತುಕೊಂಡಿತ್ತು.

ಕೂಗುತ್ತಿದ್ದವನು ಟೀವಿಯಲ್ಲಿದ್ದವನು. ಅಲ್ಲಿ ಅಣ್ಣ ಒಂದು ಗಾಯವೂ ಇಲ್ಲದೆ ಕಟ್ಟಡ ನಡುಗುವ ಹಾಗೆ ಕೂಗುತ್ತಿದ್ದ, ಇಲ್ಲಿ ಅಣ್ಣ ಸದ್ದಿಲ್ಲದೆ ಸಾಯುತ್ತಿದ್ದ. ಪುಟ್ಟಿ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿದಳು. ಈ ಗದ್ದಲದಲ್ಲಿ ಇವನು ಸತ್ತರೂ ಯಾರೂ ಬರುವುದಿಲ್ಲ. ನಾನು ಸತ್ತರೂ ಬರುವುದಿಲ್ಲ.

ಅವಳು ಎದ್ದಳು. ಅತ್ತೆಯ ಕೈಯ ರಿಮೋಟಿಗೆ ಕೈ ಹಾಕಿದಳು. ಮುದುಕಿ ಅದನ್ನು ಎದೆಗವುಚಿಕೊಂಡು, ಇನ್ನೊಂದು ಕೈಯಲ್ಲಿ ಅವಳ ಹರಿದ ಕಿವಿಯನ್ನೇ ಹಿಡಿದೆಳೆದರು. ಕಣ್ಣು ಕತ್ತಲಿಟ್ಟಿತು. ಹೋಗಲಿ ರಿಮೋಟು ಎಂದು ಪುಟ್ಟಿ ಕಿವಿಯನ್ನು ಬಿಡಿಸಿಕೊಂಡು ಗೋಡೆಗೆ ಓಡಿದಳು. ಟೀವಿಯ ಎರಡು ಅಂಚುಗಳನ್ನು ಹಿಡಿದು, ಒಂದು ಕಾಲನ್ನು ಗೋಡೆಗೆ ಕೊಟ್ಟು, ಇದ್ದಬದ್ದ ಶಕ್ತಿಯಿಂದ ಎಳೆದಳು. ಗೋಡೆಯ ಮೊಳೆಗಳು ಗಾರೆಯ ಸಮೇತ ಕಿತ್ತುಬಂದವು. ಟೀವಿ ಮುಖ ಅಡಿಯಾಗಿ ನೆಲಕ್ಕಪ್ಪಳಿಸಿತು. ಅದರ ಕೆಳಗಿದ್ದ ಸ್ಪೀಕರ್ ಪೆಟ್ಟಿಗೆಯನ್ನು ಅವಳು ತಂತಿ ಸಮೇತ ಕಿತ್ತೆಸೆದಳು.

ಮನೆ ನಿಶ್ಶಬ್ದವಾಯಿತು. ಎದುರುಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು. ಕೆಳಮನೆಯ ಹೊಲಿಗೆ ಯಂತ್ರ ಕೇಳಿಸಿತು.

ತಕ್ಕಡಿಯ ಕೈಯಲ್ಲಿ ಸ್ಟೂಲು ಅರ್ಧದಲ್ಲೇ ನಿಂತಿತು. ಅವನು ಅದನ್ನು ಸದ್ದಾಗದ ಹಾಗೆ ನೆಲಕ್ಕಿಳಿಸಿದ. ತುಟಿಯ ಮೇಲೆ ಬೆರಳಿಟ್ಟುಕೊಂಡು ‘ಶ್...’ ಎಂದ. ಅವನ ಕಣ್ಣಲ್ಲಿ ಹೆದರಿಕೆ ಇತ್ತು. ಮದುವೆಯಾದಂದಿನಿಂದ ಪುಟ್ಟಿ ಅದನ್ನು ನೋಡಿರಲಿಲ್ಲ. ನೋಡಿ ಅವಳಿಗೆ ಹೇಳಲಾರದಷ್ಟು ಸಂತೋಷವಾಯಿತು.

ಅವಳು ಕೂಗಿದಳು. ಮಾತಲ್ಲ, ಹೆಸರಲ್ಲ, ಬರೀ ಕೂಗು. ತಕ್ಕಡಿ ಹಾರಿಬಂದು ಅಂಗೈಯಿಂದ ಅವಳ ಬಾಯಿ ಮುಚ್ಚಿದ. ಆ ಅಂಗೈಯನ್ನು ಅವಳು ಕಚ್ಚಿದಳು. ಹಲ್ಲಿಗೆ ಮೂಳೆ ಸಿಗುವವರೆಗೂ ಕಚ್ಚಿದಳು. ಅವನು ಇನ್ನೊಂದು ಕೈಯಿಂದ ಅವಳ ತಲೆಯನ್ನು ಗೋಡೆಗೆ ಕುಟ್ಟಿದ, ಅವಳು ಬಿಡಲಿಲ್ಲ. ಕೊನೆಗೆ ಅವನೇ ಚೀರಿದ. ಕಾರ್ಯದರ್ಶಿಗಳ ದನಿ ಮೊದಲ ಸಲ ಕಟ್ಟಡಕ್ಕೆಲ್ಲ ಕೇಳಿಸಿತು. ಅವನ ಕೈ ಕಳಚಿಕೊಂಡ ಮೇಲೆ, ಬಾಯ್ತುಂಬ ಅವನ ರಕ್ತವಿಟ್ಟುಕೊಂಡು, ಅವಳು ಮತ್ತೆ ಕೂಗಿದಳು.

ಬಾಗಿಲುಗಳು ತೆರೆದವು. ಕಾಲಸದ್ದು ಬಂತು. ಎದುರುಮನೆಯ ಬ್ಯಾಂಕಿನವರು, ಮೇಲಿನಮನೆಯ ಡ್ರೈವರ್, ಅವನ ತಮ್ಮ, ಎಲ್ಲ ನುಗ್ಗಿದರು. ಬಂದವರು ಏನು ಕಂಡರು? ಒಡೆದ ಟೀವಿ. ಕಿವಿ ಹರಿದ ಹೆಂಗಸು. ಕೈಯಿಂದ ರಕ್ತ ಸುರಿಸುತ್ತಾ ನಿಂತ ಕಾರ್ಯದರ್ಶಿಗಳು. ನೆಲದ ಮೇಲೆ ರೌಡಿ ಮುಖದವನೊಬ್ಬ.

‘ಇವ್ನೇ’ ಎಂದ ತಕ್ಕಡಿ, ಮೊದಲಿನ ಮೆತ್ತನೆಯ ದನಿಯಲ್ಲಿ. ‘ನನ್ನ ಹೆಂಡ್ತಿಯ ಅಣ್ಣ. ದುಡ್ಡಿಗೆ ಪೀಡಿಸ್ತಿದ್ದ. ಇಲ್ಲ ಅಂದಿದ್ದಕ್ಕೆ ಟೀವಿ ಒಡೆದ, ತಡೆಯೋಕೆ ಹೋದವಳಿಗೂ ಹೊಡೆದ. ಪೊಲೀಸ್ನೋರಿಗೆ ಫೋನ್ ಮಾಡಿ ಸ್ವಲ್ಪ.’ ಅತ್ತೆ ಹೌದು ಹೌದೆಂದು ತಲೆಯಾಡಿಸಿದರು.

ಡ್ರೈವರ್ ಅಣ್ಣನ ಮುರಿದ ಹೆಗಲನ್ನು ಹಿಡಿದು ನೆಲಕ್ಕೊತ್ತಿದ. ಅವನ ತಮ್ಮ ಕಾಲುಗಳ ಮೇಲೆ ಕೂತ. ಅಣ್ಣ ಬಾಯಿ ತೆರೆದ, ರಕ್ತ ಬಂತು, ಮಾತು ಬರಲಿಲ್ಲ. ‘ಅವನಲ್ಲ! ಇವ್ರು! ಇವ್ರು ನನ್ನ ದಿನಾ ಹೊಡೀತಾರೆ!’ ಎಂದಳು ಪುಟ್ಟಿ. ಬ್ಯಾಂಕಿನವರು ಅವಳನ್ನು ಕನಿಕರದಿಂದ ನೋಡಿ, ‘ಸಮಾಧಾನ ಮಾಡ್ಕೊಳಮ್ಮ, ಅಣ್ಣ ಅಂತ ಬಿಟ್ಟುಕೊಡೋಕಾಗಲ್ಲ ನಿಂಗೆ, ಅರ್ಥ ಆಗುತ್ತೆ. ದಿನಾ ಹೊಡೆದಿದ್ರೆ ಎದುರು ಮನೇಲಿರೋ ನಮಗೆ ಒಂದು ದಿನಾನಾದ್ರೂ ಕೇಳಿಸ್ತಿರಲಿಲ್ವಾ?’ ಎಂದು ಫೋನ್ ಕಿವಿಗಿಟ್ಟುಕೊಂಡರು. ತಕ್ಕಡಿ ಹೇಳಿದ ದಿನವೇ ಬಂದಿತ್ತು. ಮುಖಗಳ ಹೋಲಿಕೆ ಮುಗಿದಿತ್ತು.

ಆಗ ಕೆಳಮನೆಯ ಹೊಲಿಗೆಯಾಕೆ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆಯ ಪಟ್ಟಿ, ಅಂಗಿಯ ಕಾಲರಿಗೆ ಗುಂಡುಸೂಜಿಗಳು. ಅವಳು ಯಾರ ಮುಖವನ್ನೂ ನೋಡಲಿಲ್ಲ. ನೆಲದ ಮೇಲೆ ಮಕಾಡೆ ಬಿದ್ದಿದ್ದ ಟೀವಿಯನ್ನು ನೋಡಿದಳು.

‘ಇದು ಒಡೆದು ಎಷ್ಟೊತ್ತಾಯ್ತು?’

ಬಾಗಿಲಲ್ಲೇ ನಿಂತು ಅವಳು ಟೀವಿಯ ಕಡೆ ಕೈ ತೋರಿಸಿದಳು.

‘ಅಲ್ಲ, ಈಗ ತಾನೇ ಅವ್ಳು ಕೂಗಿದ್ಳಲ್ಲ. ಆ ಪಿಚ್ಚರಿನ ಹೆಂಗಸು. ಒಬ್ಬ ಗಂಡಸು ಅಮ್ಮಾ ಅಂತಾನೆ, ಅದರ ಜೊತೆಗೇ ಅವಳೂ ಕೂಗ್ತಾಳೆ. ದಿನಾ ಕೇಳಿ ಕೇಳಿ ನಂಗೆ ಬಾಯಿಪಾಠ. ಎಂಥ ನಟ್ನೆ ಮಾಡ್ತಾಳಪ್ಪ ಅಂತ ನಮ್ಮೆಜಮಾನ್ರಿಗೆ ಹೇಳ್ತಿದ್ದೆ. ಟೀವಿ ಒಡೆದೋಗಿದೆ. ಮತ್ತೆ ಅವ್ಳು ಈಗ ಹೆಂಗೆ ಕೂಗಿದ್ಳು?’

ಅಣ್ಣ ನೆಲದಿಂದಲೇ ತಲೆ ಅಲುಗಿಸಿದ. ಹಲ್ಲಿಲ್ಲದ ಜಾಗದಿಂದ ಮಾತು ಸೋರಿಕೊಂಡು ಬಂತು. ‘ಆ ಸೀನಲ್ಲಿ ಹೆಂಗಸೇ ಇಲ್ಲಮ್ಮ. ಅದ್ರಲ್ಲಿ ಕೂಗೋದು ನಾನೊಬ್ನೇ.’

ಬ್ಯಾಂಕಿನವರ ಕೈ ಫೋನ್ ಸಮೇತ ಕೆಳಗಿಳಿಯಿತು. ಡ್ರೈವರ್ ಅಣ್ಣನ ಹೆಗಲ ಮೇಲಿನ ಹಿಡಿತ ಸಡಿಲಿಸಿ, ನಿಧಾನಕ್ಕೆ ತಲೆಯೆತ್ತಿ ಕಾರ್ಯದರ್ಶಿಗಳನ್ನು ನೋಡಿದ.

‘ಅದು ನಾನು, ಅಕ್ಕ’ ಎಂದಳು ಪುಟ್ಟಿ.

ಹೊಲಿಗೆಯಾಕೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನೆಲಕ್ಕೆ ಕೂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

‘ನಾನು ಪೊರಕೆ ಹಿಡಿಯಿಂದ ಸೂರು ಕುಟ್ತಿದ್ದೆ ಕಣಮ್ಮ. ಎಷ್ಟು ಸಲ ಕುಟ್ಟಿದೀನಿ. ಸೌಂಡ್ ಕಮ್ಮಿ ಮಾಡ್ಲಿ ಅಂತ.’

‘ಗೊತ್ತು ಅಕ್ಕ. ನನ್ನ ಕೆನ್ನೆ ನೆಲದ ಮೇಲೇ ಇರ್ತಿತ್ತು’ ಎಂದಳು ಪುಟ್ಟಿ.